ಜಿಲ್ಲಾ ಮಕ್ಕಳ ರಕ್ಷಣಾ ಘಟಕ: ಒಂದು ಪ್ರಾಯೋಜಕತ್ವದ ಅರ್ಜಿಯ ಬೆನ್ನು ಹಿಡಿದು ಕಂಡ ಸೇವೆ

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ, ಗಂಡ ತೀರಿಹೋದ ಇಲ್ಲವೇ ಬಿಟ್ಟುಹೋದ ತಾಯಿಯ ಮಕ್ಕಳಿಗೆ, ಮಾರಕ ಕಾಯಿಲೆಯಿಂದಲೋ ಅಪಘಾತದಿಂದಲೋ ಹೆತ್ತವರು ದುಡಿಯಲಾಗದ ಸ್ಥಿತಿಗೆ ಬಂದ ಮನೆಯ ಮಕ್ಕಳಿಗೆ ಸರ್ಕಾರ ತಿಂಗಳಿಗೆ ತಲಾ 4,000 ರೂಪಾಯಿ ನೆರವು ಕೊಡುತ್ತದೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಬರುವ ಈ ಪ್ರಾಯೋಜಕತ್ವ ಯೋಜನೆಯ ವಿಷಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ತಲುಪಿಲ್ಲ. ತಲುಪಿದ ಮನೆಗಳಲ್ಲಿಯೂ ಅರ್ಜಿಯನ್ನು ಯಾರ ಕೈಗೆ ಕೊಡಬೇಕು, ಕೊಟ್ಟ ಮೇಲೆ ಅದು ಎಲ್ಲೆಲ್ಲಿ ಹೋಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು, ನನ್ನ ಶಾಲೆಯಲ್ಲಿಯೇ ಓದುತ್ತಿದ್ದ ಒಬ್ಬ ಹುಡುಗಿ ಮತ್ತು ಅವಳ ತಮ್ಮನ ಸಲುವಾಗಿ, ಅವರ ಅಜ್ಜಿಯ ಜೊತೆ ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಓಡಾಡಿದೆ. ಆ ಕಚೇರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಕಂಡ ಒಳಿತು ಕೆಡುಕುಗಳನ್ನು, ವಿಶೇಷವಾಗಿ ಆ ಕಚೇರಿಯ ಮುಖ್ಯಸ್ಥರ ಕೆಲಸ ಎಂಥದ್ದು ಮತ್ತು ಅದು ಸೇವೆಯ ಗುಣಮಟ್ಟವನ್ನು ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು, ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಯಾರು ಏನು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರಿಗೆ ಅರ್ಧ ತೊಂದರೆ ಅಲ್ಲಿಯೇ ಆಗುತ್ತದೆ. ಜಿಲ್ಲೆಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮುಖ್ಯಸ್ಥರು ಉಪ ನಿರ್ದೇಶಕರು. ಅಂಗನವಾಡಿಗಳಿಂದ ಹಿಡಿದು ಸ್ತ್ರೀಶಕ್ತಿ ಗುಂಪುಗಳವರೆಗೆ ಎಲ್ಲವೂ ಅವರ ಉಸ್ತುವಾರಿಯಲ್ಲಿ ನಡೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ಅವರ ಕೆಳಗೆ ಕೆಲಸ ಮಾಡುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಜನರ ಬಾಯಲ್ಲಿ ಸಿಡಿಪಿಓ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಕೆಲಸಕ್ಕೆಂದೇ ಇರುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅದರ ಮುಖ್ಯಸ್ಥರು ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ. ಇವರೆಲ್ಲರಿಂದ ಬೇರೆಯಾಗಿ ನಿಲ್ಲುವುದು ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ 2015ರ ಬಾಲನ್ಯಾಯ ಕಾಯ್ದೆಯು ಮ್ಯಾಜಿಸ್ಟ್ರೇಟರ ಅಧಿಕಾರವನ್ನು ಕೊಟ್ಟಿದೆ. ಮಗುವಿನ ಬಗ್ಗೆ ಆದೇಶ ಮಾಡುವುದು ಸಮಿತಿ, ಆ ಆದೇಶಕ್ಕೆ ಬೇಕಾದ ವಿಚಾರಣೆ ನಡೆಸಿ ವರದಿ ಕೊಡುವುದು ಮತ್ತು ಆದೇಶವನ್ನು ಜಾರಿಗೆ ತರುವುದು ಘಟಕ. ಇಷ್ಟು ತಿಳಿಯದೆ ಹೋದ ಎಷ್ಟೋ ಜನ ಸಮಿತಿಯ ಬಾಗಿಲಲ್ಲಿ ದುಡ್ಡಿನ ವಿಷಯ ಕೇಳುತ್ತಾರೆ, ಘಟಕದ ಬಾಗಿಲಲ್ಲಿ ಆದೇಶದ ಪ್ರತಿ ಕೇಳುತ್ತಾರೆ, ಎರಡೂ ಕಡೆಯಿಂದ ಬರಿಗೈಯಲ್ಲಿ ಊರಿಗೆ ಮರಳುತ್ತಾರೆ. ನಾನು ಹೋದ ಕಚೇರಿಯ ಗೋಡೆಯ ಮೇಲೆ ಯೋಜನೆಗಳ ಫಲಕಗಳು ಸಾಕಷ್ಟು ಇದ್ದವು, ಆದರೆ ಯಾವ ಕೆಲಸಕ್ಕೆ ಯಾವ ಮೇಜಿಗೆ ಹೋಗಬೇಕೆಂದು ತಿಳಿಸುವ ಒಂದು ಚೀಟಿಯೂ ಇರಲಿಲ್ಲ.

ಅರ್ಜಿಯ ಜೊತೆ ಕೇಳಿದ ಕಾಗದಗಳು ಇವು: ಮಕ್ಕಳ ಮತ್ತು ಅಜ್ಜಿಯ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ತಂದೆ ತಾಯಿಯ ಮರಣ ಪ್ರಮಾಣಪತ್ರ, ಪಡಿತರ ಚೀಟಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ, ಮತ್ತು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಗಳಲ್ಲಿ 72,000 ರೂಪಾಯಿ, ಉಳಿದ ಕಡೆ 96,000 ರೂಪಾಯಿ ಮೀರಬಾರದೆಂಬುದು ನಿಯಮ. ಕೂಲಿ ಮಾಡುವ ಮನೆಗೆ ಈ ಮಿತಿ ದೊಡ್ಡ ಅಡ್ಡಿಯಲ್ಲ ಎಂದುಕೊಂಡಿದ್ದವರು ನಮ್ಮ ಕಡೆ ಹಲವರಿದ್ದಾರೆ, ಆದರೆ ತಿಂಗಳಿಗೆ 6,000 ರೂಪಾಯಿ ಎಂದು ಲೆಕ್ಕ ಹಾಕಿದಾಗ ಅದು ಎಷ್ಟು ಬಿಗಿಯಾದದ್ದು ಎಂಬುದು ಗೊತ್ತಾಗುತ್ತದೆ. ಬೇರೆ ಯಾವುದೋ ಕೆಲಸಕ್ಕೆ ಹಿಂದೆ ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ ಸ್ವಲ್ಪ ಹೆಚ್ಚು ಬರೆಸಿಬಿಟ್ಟ ಮನೆಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮ ಅರ್ಜಿಯಲ್ಲಿ ತೊಡಕಾದದ್ದು ಬೇರೆ: ಅಜ್ಜಿಯ ತೀರಿಹೋದ ಮಗನ ಹೆಸರು ಮರಣ ಪ್ರಮಾಣಪತ್ರದಲ್ಲಿ ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇತ್ತು. ಇಬ್ಬರೂ ಒಬ್ಬರೇ ಎಂದು ಗ್ರಾಮ ಪಂಚಾಯಿತಿಯಿಂದ ಬರೆಸಿ ತಂದರೆ ಸಾಕು ಎಂದು ಒಂದು ಮೇಜಿನಲ್ಲಿ ಹೇಳಿದರೆ, ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕೆಂದು ಪಕ್ಕದ ಮೇಜಿನಲ್ಲಿ ಹೇಳಿದರು. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರು ಒಂದೇ ಮಾತು ಹೇಳುವಂತೆ ನೋಡಿಕೊಳ್ಳುವುದು ಮುಖ್ಯಸ್ಥರ ಕರ್ತವ್ಯಗಳಲ್ಲಿ ಬಹಳ ಸಣ್ಣದು ಎನಿಸಬಹುದು. ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದವರಿಗೆ ಅದು ಸಣ್ಣದಲ್ಲ. ಈ ವಿಷಯದಲ್ಲಿ ಆ ಕಚೇರಿಗೆ ನಾನು ಒಳ್ಳೆಯ ಮಾತು ಹೇಳಲಾರೆ.

ಇನ್ನೂ ಗಂಭೀರವಾದ ಕೊರತೆಯೆಂದರೆ ಅರ್ಜಿ ತೆಗೆದುಕೊಂಡದ್ದಕ್ಕೆ ಸ್ವೀಕೃತಿ ಕೊಡದಿರುವುದು. ಗುಮಾಸ್ತರು ಕಾಗದಗಳನ್ನು ನೋಡಿ, ಟ್ಯಾಗ್ ಹಾಕಿ, ಕಪಾಟಿನಲ್ಲಿಟ್ಟು, "ಆಯ್ತು, ನಾವಽ ಫೋನ್ ಮಾಡ್ತೀವಿ" ಎಂದರು. ಮುಂದಿನ ಬಾರಿ ಹೋದಾಗ ಅದೇ ಕಪಾಟಿನಲ್ಲಿ ನಮ್ಮ ಕಡತವನ್ನು ಹುಡುಕುವುದೇ ಒಂದು ಕೆಲಸವಾಯಿತು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ ಎಂದು ಹೋಗುವವರಿಗೆಲ್ಲ ಒತ್ತಿ ಹೇಳುತ್ತೇನೆ. ಕೇಳಿದರೆ ಕೊಡುತ್ತಾರೆ, ನಮಗೂ ಕೇಳಿದ ಮೇಲೆ ಕೊಟ್ಟರು. ಕೇಳುವ ಧೈರ್ಯವಿಲ್ಲದವರಿಗಾಗಿಯೇ ಈ ಕಚೇರಿ ಇರುವುದರಿಂದ ಕೇಳುವ ಮೊದಲೇ ಕೊಡುವುದು ಅದರ ಧರ್ಮವಾಗಬೇಕಿತ್ತು.

ಇನ್ನು ಒಳ್ಳೆಯದನ್ನು ಹೇಳುತ್ತೇನೆ, ಅದು ನಿಜವಾಗಿಯೂ ಒಳ್ಳೆಯದಾಗಿತ್ತು. ಮನೆಯ ಪರಿಸ್ಥಿತಿ ತಿಳಿದು ಸಾಮಾಜಿಕ ತನಿಖಾ ವರದಿ ತಯಾರಿಸಲು ಘಟಕದ ಸಮಾಜ ಕಾರ್ಯಕರ್ತೆ ಊರಿಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ಇಂಥ ಭೇಟಿಗಳು ಬಾಗಿಲಲ್ಲಿ ನಿಂತು ಫೋಟೋ ತೆಗೆದುಕೊಂಡು ಮುಗಿಯುವುದನ್ನು ಬೇರೆ ಇಲಾಖೆಗಳಲ್ಲಿ ನಾನು ಕಂಡಿದ್ದೇನೆ. ಇವರು ಹಾಗೆ ಮಾಡಲಿಲ್ಲ. ಒಳಗೆ ಬಂದು ನೆಲದ ಮೇಲೆ ಕುಳಿತರು, ನೀರು ಕುಡಿದರು, ಹುಡುಗನಿಗೆ ಅವನ ಪುಸ್ತಕಗಳನ್ನು ತೋರಿಸಲು ಹೇಳಿದರು. ಅವನು ಮೂಲೆಯಲ್ಲಿದ್ದ ಕಾಳಿನ ಡಬ್ಬಿಯ ಮುಚ್ಚಳ ತೆಗೆದು ಅದರೊಳಗಿಂದ ಪುಸ್ತಕ ತೆಗೆದ, ಇಲಿ ಕಾಟದಿಂದ ಅಲ್ಲಿಟ್ಟಿದ್ದ. ಆಮೇಲೆ ಅವರು ಅಜ್ಜಿಯ ಕಡೆ ತಿರುಗಿ, "ನಿಮಗ ಆರಾಮ ಇಲ್ದಾಗ ಅಡಿಗಿ ಯಾರು ಮಾಡ್ತಾರ್ರಿ, ಅವ್ವಾರ?" ಎಂದು ಕೇಳಿದರು. ಉತ್ತರ ಹುಡುಗಿಯಿಂದ ಬಂತು: "ನಾನಽ ಮಾಡ್ತೀನ್ರಿ, ಅಕ್ಕಾರ." ಹಾಗಾದರೆ ಆ ದಿನ ಶಾಲೆ ಎಂದಾಗ ಅವಳು ತಲೆ ತಗ್ಗಿಸಿದಳು. ಸಮಾಜ ಕಾರ್ಯಕರ್ತೆ ಹುಡುಗಿಯನ್ನು ಮಾತ್ರ ಕರೆದುಕೊಂಡು ಹಿತ್ತಲಿಗೆ ಹೋಗಿ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಅದು ಹಾಗೆಯೇ ಇರಬೇಕಾದದ್ದು. ನಂತರ ಶಾಲೆಗೆ ಹೋಗಿ ಹಾಜರಿ ಪುಸ್ತಕವನ್ನೂ ನೋಡಿ ಬಂದರು.

ಈ ವರದಿ ಮುಖ್ಯಸ್ಥರ ಮೇಜಿಗೆ ಹೋದ ಮೇಲೆ ನಡೆದದ್ದೇ ಈ ವಿಮರ್ಶೆಯನ್ನು ಬರೆಯಲು ನನಗೆ ಮುಖ್ಯ ಕಾರಣ. ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯವರು ಅಜ್ಜಿಯನ್ನೂ ಮಕ್ಕಳನ್ನೂ ಒಳಗೆ ಕರೆಸಿದರು. ಕಡತ ಅವರ ಮುಂದೆ ತೆರೆದಿತ್ತು, ಅದನ್ನು ಓದಿದ್ದರು ಎಂಬುದು ಮೊದಲ ಪ್ರಶ್ನೆಯಲ್ಲಿಯೇ ತಿಳಿಯಿತು. ಅಜ್ಜಿಗೆ ಏನು ಕಾಯಿಲೆ, ಸರ್ಕಾರಿ ಆಸ್ಪತ್ರೆಗೆ ತೋರಿಸಿದ್ದೀರಾ, ತಿಂಗಳಲ್ಲಿ ಎಷ್ಟು ದಿನ ಹುಡುಗಿ ಶಾಲೆ ತಪ್ಪಿಸುತ್ತಾಳೆ ಎಂದು ಕೇಳಿದರು. ದುಡ್ಡು ಮಂಜೂರಾದರೂ ಹುಡುಗಿ ಒಲೆಯ ಮುಂದೆಯೇ ಉಳಿದರೆ ಪ್ರಯೋಜನವೇನು ಎಂಬ ಆತಂಕ ಅವರ ಮಾತಿನಲ್ಲಿತ್ತು. ಹೆಣ್ಣುಮಕ್ಕಳ ವಸತಿ ಶಾಲೆಯಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ, ಇಲಾಖೆಗಳ ವಿದ್ಯಾರ್ಥಿನಿಲಯ ಇವುಗಳ ವಿಷಯ ತಿಳಿಸಿದರು, ಆದರೆ ಅಜ್ಜಿ ಮೊಮ್ಮಗಳನ್ನು ಬಿಟ್ಟಿರಲಾರೆನೆಂದಾಗ ಒತ್ತಾಯಿಸಲಿಲ್ಲ. "ಮಕ್ಕಳು ನಿಮ್ಮ ಹತ್ರಾನ ಇರಲಿ, ಅವ್ವಾ. ಆದ್ರ ಸಾಲಿ ಬಿಡಸಬಾರದು, ಅದಕ್ಕ ಏನ್ ಮಾಡೋಣು ಹೇಳ್ರಿ" ಎಂದು ಅಜ್ಜಿಯನ್ನೇ ಕೇಳಿದರು. ಅಲ್ಲಿ ಕುಳಿತಿರುವಾಗಲೇ ತಾಲ್ಲೂಕಿನ ಸಿಡಿಪಿಓ ಅವರಿಗೆ ಫೋನ್ ಮಾಡಿ, ಊರಿನ ಆಶಾ ಕಾರ್ಯಕರ್ತೆ ಅಜ್ಜಿಯ ಮನೆಗೆ ಹೋಗಿ ಬರುವಂತೆ ಆರೋಗ್ಯ ಇಲಾಖೆಯವರ ಜೊತೆ ಮಾತಾಡಲು ಹೇಳಿದರು.

ಇದನ್ನು ಅವರ ಒಳ್ಳೆಯತನ ಎಂದಷ್ಟೇ ಹೇಳಿ ಬಿಡಲಾಗದು, ಕಾನೂನು ಅವರಿಂದ ನಿರೀಕ್ಷಿಸುವುದೂ ಇದನ್ನೇ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿಯೇ ಇಲ್ಲದಾಗ ಹಿಡಿಯುವ ಕೊನೆಯ ಕ್ರಮ ಎಂದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲಿಯೇ ಹೇಳಿದೆ. ಬಾಲಮಂದಿರ ಎಂದರೆ ಅನಾಥ ಮಕ್ಕಳನ್ನು ಕಳುಹಿಸುವ ಜಾಗ ಎಂಬ ತಿಳಿವಳಿಕೆ ನಮ್ಮ ಜನರಲ್ಲಿ ಬಹಳ ಹಳೆಯದು, ಬಡತನದ ಕಾರಣಕ್ಕೆ ಮಕ್ಕಳನ್ನು ಅಲ್ಲಿ ಬಿಟ್ಟು ಬಂದ ಮನೆಗಳು ನಮ್ಮ ಸುತ್ತಲೂ ಇವೆ. ಪ್ರಾಯೋಜಕತ್ವ ಹುಟ್ಟಿದ್ದೇ ಅದನ್ನು ತಪ್ಪಿಸಲು. ಹಿಂದೆ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯ ಹೆಸರಿನಲ್ಲಿದ್ದಾಗ ತಿಂಗಳಿಗೆ 2,000 ರೂಪಾಯಿ ಇದ್ದ ನೆರವು 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ 4,000ಕ್ಕೆ ಏರಿತು. ಇದರಲ್ಲಿ ಕೇಂದ್ರದ ಪಾಲು ಶೇಕಡಾ 60, ರಾಜ್ಯದ ಪಾಲು ಶೇಕಡಾ 40. ಇಬ್ಬರು ಮಕ್ಕಳ 8,000 ರೂಪಾಯಿ ನಾನು ನೋಡಿದ ಆ ಮನೆಗೆ ಅಜ್ಜಿಯ ಕೂಲಿ ಮತ್ತು ಸಂಧ್ಯಾ ಸುರಕ್ಷಾ ಪಿಂಚಣಿ ಎರಡನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಿನ ಮೊತ್ತ.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನ್ಯಾಯಾಲಯದ ಹಾಗೆ ಕಟಕಟೆಯಿಲ್ಲ, ಮಕ್ಕಳು ಕುರ್ಚಿಯ ಮೇಲೆ ಕುಳಿತೇ ಮಾತಾಡಿದರು, ಸದಸ್ಯರ ಮಾತು ಮೃದುವಾಗಿತ್ತು. ತಿಂಗಳಿಗೆ ಕನಿಷ್ಠ 20 ದಿನ ಸಮಿತಿ ಸೇರಬೇಕೆಂಬ ನಿಯಮವಿರುವುದರಿಂದ ದಿನಕ್ಕಾಗಿ ಕಾಯುವುದೂ ಹೆಚ್ಚಾಗಲಿಲ್ಲ. ಕಾದದ್ದು ಆಮೇಲೆ. ಸಮಿತಿಯ ಆದೇಶವಾದ ನಂತರ ಪ್ರಾಯೋಜಕತ್ವ ಅನುಮೋದನಾ ಸಮಿತಿಯ ಸಭೆಯಲ್ಲಿ ಕಡತ ಮಂಡನೆಯಾಗಬೇಕು, ಆ ಸಭೆ ಮುಂದಕ್ಕೆ ಹೋಯಿತು, ಮತ್ತೊಮ್ಮೆ ಹೋಯಿತು. ಮಂಜೂರಾದ ಮೇಲೆ ಅನುದಾನ ಬಿಡುಗಡೆಗೆ ಕಾಯಬೇಕಾಯಿತು. ಹಣ ಬಂದಾಗ ಹಲವು ತಿಂಗಳದ್ದು ಒಟ್ಟಿಗೇ ಖಾತೆಗೆ ಬಿತ್ತು. ತಿಂಗಳ ಖರ್ಚಿಗೆಂದು ಕೊಡುವ ಹಣ ಹೀಗೆ ಗಂಟಾಗಿ ಬಂದರೆ ಅದು ತಿಂಗಳ ಖರ್ಚಿಗೆ ಉಳಿಯುವುದಿಲ್ಲ. ಅಷ್ಟರೊಳಗೆ ಅಜ್ಜಿ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿದ್ದರು, ಅಂಗಡಿಯ ಬಾಕಿ ಬೆಳೆದಿತ್ತು, ಬಂದ ಹಣದ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಅನುದಾನ ಮೇಲಿನಿಂದಲೇ ತಡವಾಗಿ ಬರುತ್ತದೆಂಬ ಕಚೇರಿಯ ವಿವರಣೆಯನ್ನು ನಾನು ನಂಬುತ್ತೇನೆ. ಆದರೆ ತಡವಾಗಿದೆ ಎಂಬ ಸುದ್ದಿಯನ್ನಾದರೂ ಮನೆಗೆ ಮುಟ್ಟಿಸುವುದು ಕಚೇರಿಯ ಕೈಯಲ್ಲಿಯೇ ಇತ್ತು. ಫೋನ್ ಮಾಡುತ್ತೇವೆ ಎಂದವರು ಮಾಡಲಿಲ್ಲ.

ಅದೇ ಮುಖ್ಯಸ್ಥರ ಕಚೇರಿಯಲ್ಲಿ ಒಂದು ಕಡತ ಅಷ್ಟು ಪ್ರೀತಿಯಿಂದ ಓದಿಸಿಕೊಂಡು, ಇನ್ನೊಂದು ಹಂತದಲ್ಲಿ ಅಷ್ಟು ದಿನ ಧೂಳು ತಿಂದದ್ದು ಹೇಗೆ ಎಂದು ಕೇಳಬಹುದು. ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತು ಒಳಗೆ ಹೋಗಿ ಬರುವವರನ್ನು ನೋಡಿದಾಗ ಉತ್ತರದ ಒಂದಂಶ ನನಗೆ ಸಿಕ್ಕಿತು. ಒಂದೇ ಮುಂಜಾನೆಯಲ್ಲಿ ಬಾಲ್ಯವಿವಾಹ ನಡೆಯುತ್ತಿದೆಯೆಂದು ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಯ ವಿಷಯ ಬಂತು. ಬಸ್ ನಿಲ್ದಾಣದಲ್ಲಿ ಸಿಕ್ಕ ಹುಡುಗನನ್ನು ಪೊಲೀಸರು ಕರೆತಂದರು. ಅಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಅಡಿಯ ಪ್ರಕರಣದ ಒಂದು ಮಗುವಿಗೆ ನ್ಯಾಯಾಲಯದಲ್ಲಿ ಜೊತೆಗಿರಲು ನೆರವು ನೀಡುವವರನ್ನು ಗೊತ್ತುಮಾಡಬೇಕಿತ್ತು. ಸಾಕಲಾಗದೆ ತನ್ನ ಮಗುವನ್ನು ಸಮಿತಿಗೆ ಒಪ್ಪಿಸಲು ಬಂದ ತಾಯಿಯೊಬ್ಬಳಿಗೆ, ಮನಸ್ಸು ಬದಲಾಯಿಸಲು ಕಾನೂನು ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ ಎಂದು ಆಪ್ತಸಮಾಲೋಚಕರು ಪಕ್ಕದ ಕೋಣೆಯಲ್ಲಿ ತಿಳಿಸುತ್ತಿದ್ದರು. ಇದರ ನಡುವೆ ಜಿಲ್ಲಾಧಿಕಾರಿ ಕಚೇರಿಯಿಂದ ದತ್ತು ಕಡತಗಳ ಬಗ್ಗೆ ಕರೆ. ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೇಲೆ ದತ್ತು ಆದೇಶ ಮಾಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ, ಅದಕ್ಕೆ ಬೇಕಾದ ಕಾಗದಪತ್ರಗಳ ಕೆಲಸದಲ್ಲಿ ಘಟಕದ ಪಾಲು ದೊಡ್ಡದು. ಮಕ್ಕಳ ಪಾಲನಾ ಸಂಸ್ಥೆಗಳ ತಪಾಸಣೆಗೂ ಹೋಗಬೇಕು, ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯ ಕೆಲಸಕ್ಕೂ ಸಿಬ್ಬಂದಿ ಒದಗಿಸಬೇಕು. ತುರ್ತಿನದು ಯಾವಾಗಲೂ ಮುಂದೆ ಬರುತ್ತದೆ, ಸಹಿಗೆ ಕಾದಿರುವ ಪ್ರಾಯೋಜಕತ್ವದ ಪಟ್ಟಿ ಹಿಂದೆ ಸರಿಯುತ್ತದೆ. ಇಷ್ಟೆಲ್ಲಕ್ಕೂ ಕೈಯಾಗುವ ಸಿಬ್ಬಂದಿಯಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿರುವವರು. ನಮ್ಮ ಊರಿಗೆ ಬಂದ ಆ ಸಮಾಜ ಕಾರ್ಯಕರ್ತೆಯಂಥವರು ಬೇರೆ ಕೆಲಸ ಸಿಕ್ಕೊಡನೆ ಹೊರಟುಹೋದರೆ, ಆ ಕಾಳಿನ ಡಬ್ಬಿಯನ್ನು ಕಂಡ ಕಣ್ಣು ಕಚೇರಿಯಲ್ಲಿ ಉಳಿಯುವುದಿಲ್ಲ, ಹೊಸಬರು ಕಡತದಿಂದಲೇ ಶುರುಮಾಡಬೇಕಾಗುತ್ತದೆ.

ಹಾಗಾಗಿ ಮುಖ್ಯಸ್ಥರ ಕೆಲಸವನ್ನು ಅಳೆಯುವಾಗ ಅವರು ಎಷ್ಟು ದಾಳಿ ಮಾಡಿದರು, ಎಷ್ಟು ಕಾರ್ಯಕ್ರಮದಲ್ಲಿ ದೀಪ ಹಚ್ಚಿದರು ಎಂಬುದನ್ನು ನೋಡುವುದು ಸಾಲದು ಎಂದು ನನಗೆ ಬಲವಾಗಿ ಅನಿಸಿದೆ. ತುರ್ತಿಲ್ಲದ ಮಗುವಿನ ಕಡತವನ್ನು ಯಾರೂ ನೆನಪಿಸದೆಯೇ ಮುಂದಿನ ಮೇಜಿಗೆ ಸರಿಸುವ ಒಂದು ಕ್ರಮವನ್ನು ಅವರು ಕಚೇರಿಯಲ್ಲಿ ಕಟ್ಟಿದ್ದಾರೆಯೇ ಎಂಬುದೇ ನಾನು ಕೇಳುವ ಪ್ರಶ್ನೆ. ನಾನು ಕಂಡ ಅಧಿಕಾರಿ ಮಗುವಿನ ಮುಂದೆ ಕುಳಿತಾಗ ಬಹಳ ಎತ್ತರದವರು, ಕಚೇರಿಯ ಕ್ರಮ ಕಟ್ಟುವುದರಲ್ಲಿ ಅಷ್ಟು ಎತ್ತರಕ್ಕೆ ಬಂದಿರಲಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಬಾಕಿ ಕಡತಗಳ ಪಟ್ಟಿಯನ್ನು ಸಿಬ್ಬಂದಿಯ ಜೊತೆ ಕುಳಿತು ನೋಡಿದ್ದರೆ, ಅನುಮೋದನಾ ಸಭೆಗೆ ತಿಂಗಳಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡಿದ್ದರೆ, ನಮ್ಮಂಥವರ ಓಡಾಟದಲ್ಲಿ ಅರ್ಧವಾದರೂ ಉಳಿಯುತ್ತಿತ್ತು.

ಸಮುದಾಯದ ಮಟ್ಟದ ಸೇವೆಯನ್ನು ಸೇರಿಸದೆ ಈ ಕಚೇರಿಯ ಬಗ್ಗೆ ಬರೆದರೆ ಅರ್ಧ ಮಾತು ಹೇಳಿದಂತೆ ಆಗುತ್ತದೆ. ಪ್ರಾಯೋಜಕತ್ವದ ವಿಷಯ ಆ ಅಜ್ಜಿಗೆ ಮೊದಲು ಗೊತ್ತಾದದ್ದು ಓಣಿಯ ಅಂಗನವಾಡಿ ಕಾರ್ಯಕರ್ತೆಯಿಂದ. ಎರಡೂ ಮಕ್ಕಳು ಅವರ ಕೈಯಲ್ಲಿ ಉಂಡು ಬೆಳೆದವರು, ಮನೆಯಲ್ಲಿ ಏನಾಗಿದೆ ಎಂಬುದು ಅವರಿಗೆ ಯಾವ ವರದಿಯೂ ಇಲ್ಲದೆ ಗೊತ್ತಿತ್ತು. 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಪ್ರಾಯೋಗಿಕವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಾಗಿ ಹರಡಿದೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ ಇವೆಲ್ಲ ಅದರ ಮೂಲ ಕೆಲಸ. 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ ಸೇರಿಕೊಂಡವು. 2023ರಲ್ಲಿ ಗೃಹಲಕ್ಷ್ಮಿ ಬಂದಾಗ ಅದರ ಹೊಣೆಯೂ ಇದೇ ಇಲಾಖೆಯ ಮೇಲೆ ಬಿತ್ತು. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ಯೋಜನೆ ಎಷ್ಟು ಮನೆಗಳ ಒಲೆ ಉರಿಸಿದೆ ಎಂಬುದನ್ನು ನಾನು ಬಲ್ಲೆ. ಆದರೆ ಹಣ ಬಂದಿಲ್ಲ, ಆಧಾರ್ ಜೋಡಣೆಯಾಗಿಲ್ಲ ಎಂದು ಸಿಡಿಪಿಓ ಕಚೇರಿಯ ಮುಂದೆ ನಿಲ್ಲುವ ಸಾಲಿನಲ್ಲಿ, ಮೊಮ್ಮಕ್ಕಳ ವಿಷಯ ಹೇಳಲು ಬಂದ ಒಬ್ಬ ಅಜ್ಜಿಯ ದನಿ ಕೇಳಿಸುವುದು ಕಷ್ಟ. ಇನ್ನು ಸಿಡಿಪಿಓ ಅವರೇ ಬಾಲ್ಯವಿವಾಹ ನಿಷೇಧಾಧಿಕಾರಿ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಅವರೇ. ಒಂದು ಕುರ್ಚಿಯ ಮೇಲೆ ಇಷ್ಟನ್ನು ಹೊರಿಸಿದ ಮೇಲೆ ಅಧಿಕಾರಿಯ ನಿರ್ಲಕ್ಷ್ಯದ ಮಾತಾಡುವ ಮೊದಲು ಖಾಲಿ ಹುದ್ದೆಗಳನ್ನು ತುಂಬಿದ್ದೀರಾ ಎಂದು ಸರ್ಕಾರವನ್ನು ಕೇಳುವುದು ನ್ಯಾಯ.

ಬಾಲ್ಯವಿವಾಹದ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ ಮದುವೆ ನಿಲ್ಲಿಸಿದ ಮರುದಿನ ಆ ಹುಡುಗಿಯ ಗತಿ ಏನು ಎಂಬ ಪ್ರಶ್ನೆಗೆ ಉತ್ತರ ಇರುವುದು ಇದೇ ಘಟಕದಲ್ಲಿ. ಬಾಲ್ಯವಿವಾಹಕ್ಕೆ ಒಳಗಾದ ಮಕ್ಕಳೂ ಪ್ರಾಯೋಜಕತ್ವಕ್ಕೆ ಅರ್ಹರ ಸಾಲಿನಲ್ಲಿ ಬರುತ್ತಾರೆ ಎಂಬುದು ಊರಿನ ಶಿಕ್ಷಕರಿಗೆ, ಪಂಚಾಯಿತಿಯವರಿಗೆ ತಿಳಿದಿರಬೇಕು. ನಮ್ಮ ಹುಡುಗಿಗೂ ಸಂಬಂಧದಲ್ಲಿಯೇ ಒಂದು ಮದುವೆಯ ಮಾತು ಬಂದಿತ್ತೆಂದು ಅಜ್ಜಿ ಬಹಳ ದಿನಗಳ ಮೇಲೆ ನನಗೆ ಹೇಳಿದರು. ನೆರವು ಮಂಜೂರಾದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಹೋಗುವವರು ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಸೇವೆ ಪೂರ್ತಿ ಉಚಿತ, ನಮ್ಮಿಂದ ಯಾರೂ ಒಂದು ರೂಪಾಯಿಯನ್ನೂ ಕೇಳಲಿಲ್ಲ, ಇದನ್ನು ಸಂತೋಷದಿಂದ ಹೇಳುತ್ತೇನೆ. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುತ್ತೇವೆ, ಮಂಜೂರು ಮಾಡಿಸುತ್ತೇವೆ ಎನ್ನುವವರು ಸಿಕ್ಕರೆ ಅವರಿಗೆ ಕಾಸು ಕೊಡಬೇಡಿ, ಅರ್ಜಿ ಒಂದೆರಡು ಪುಟದ್ದು, ಶಾಲೆಯ ಯಾವ ಶಿಕ್ಷಕರೂ ತುಂಬಿಕೊಡಬಲ್ಲರು. ಮಕ್ಕಳನ್ನು ಮೊದಲ ಭೇಟಿಗೇ ಕರೆದೊಯ್ಯುವ ಅಗತ್ಯವಿಲ್ಲ, ಶಾಲೆ ತಪ್ಪಿಸಬೇಡಿ. ದಾರಿ ತಿಳಿಯದಿದ್ದರೆ 1098ಕ್ಕೆ ಕರೆ ಮಾಡಿ ಕೇಳಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಆ ಸಹಾಯವಾಣಿ ಈಗ ಸರ್ಕಾರದ ನಿರ್ವಹಣೆಯಲ್ಲಿದೆ, ಸಂಕಟದಲ್ಲಿರುವ ಮಗುವಿನ ಪರವಾಗಿ ಯಾರು ಬೇಕಾದರೂ ಕರೆ ಮಾಡಬಹುದು. ಮಕ್ಕಳ ಕಲ್ಯಾಣ ಸಮಿತಿಯ ಕೆಲಸದ ಬಗ್ಗೆ ದೂರಿದ್ದರೆ ಅದನ್ನು ಕೇಳಬೇಕಾದವರು ಜಿಲ್ಲಾಧಿಕಾರಿ, ಮೂರು ತಿಂಗಳಿಗೊಮ್ಮೆ ಸಮಿತಿಯ ಕೆಲಸವನ್ನು ಪರಿಶೀಲಿಸುವ ಹೊಣೆಯೂ ಅವರದೇ. ನಮ್ಮ ಕಡತ ನಿಂತಾಗ ನಾನು ಘಟಕದ ಮುಖ್ಯಸ್ಥರಿಗೇ ಒಂದು ಪುಟದ ಪತ್ರ ಬರೆದು ಟಪಾಲಿನಲ್ಲಿ ಕೊಟ್ಟೆ, ಅರ್ಜಿಯ ದಿನಾಂಕ, ಸಮಿತಿಯ ಆದೇಶದ ದಿನಾಂಕ, ಮಕ್ಕಳು ಓದುತ್ತಿರುವ ತರಗತಿ ಇಷ್ಟನ್ನೇ ಬರೆದಿದ್ದೆ. ಅದಾದ ಮೇಲಿನ ಸಭೆಯಲ್ಲಿ ಕಡತ ಮಂಡನೆಯಾಯಿತು. ಪತ್ರ ಬರೆಯಬಲ್ಲವರೊಬ್ಬರು ಜೊತೆಗಿದ್ದದ್ದು ಆ ಅಜ್ಜಿಯ ಅದೃಷ್ಟ. ಹಾಗೆ ಯಾರೂ ಇಲ್ಲದೆ ಬರುವವರೇ ಹೆಚ್ಚು, ಅವರ ಪರವಾಗಿ ಆ ಪತ್ರವನ್ನು ಕಚೇರಿಯೊಳಗಿನವರೇ ಬರೆಯುವಂತಾಗಬೇಕು.

ಈ ಸೇವೆಯನ್ನು ಅರ್ಹರಾದ ಎಲ್ಲರೂ ಪಡೆಯಬೇಕೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಮಗುವನ್ನು ಕಾಣುವ ರೀತಿಯಲ್ಲಿ ಆ ಕಚೇರಿಗೆ ತುಂಬು ಅಂಕ ಕೊಡುತ್ತೇನೆ, ಅರ್ಜಿದಾರರಿಗೆ ಸುದ್ದಿ ಮುಟ್ಟಿಸುವುದರಲ್ಲಿ ತೇರ್ಗಡೆಯಾಗುವಷ್ಟೂ ಕೊಡಲಾರೆ. 18 ವರ್ಷ ತುಂಬಿದ ಮೇಲೆ ಈ ನೆರವು ಇರುವುದಿಲ್ಲ, ಅಲ್ಲಿಯವರೆಗೆ ಶಾಲೆಯ ಹಾಜರಿ ಮತ್ತು ಮನೆಯ ಸ್ಥಿತಿಯನ್ನು ಘಟಕ ಆಗಾಗ ಪರಿಶೀಲಿಸುತ್ತದೆ. ಆದ್ದರಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೊಸ ತರಗತಿಯ ವ್ಯಾಸಂಗ ಪ್ರಮಾಣಪತ್ರವನ್ನು ಮಾಡಿಸಿ, ಖಾತೆಗೆ ಆಧಾರ್ ಜೋಡಣೆ ಸರಿಯಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ, ಎರಡರ ಪ್ರತಿಯನ್ನೂ ಘಟಕಕ್ಕೆ ಕೊಟ್ಟು ಸ್ವೀಕೃತಿ ಪಡೆದು ಮನೆಯ ಕಡತದಲ್ಲಿ ಇಟ್ಟುಕೊಳ್ಳಿ.